ಇಡೀ ಪೀಣ್ಯದ ಬಾಯಿ ತೆಗೆಸಿದವನು

ಇದರಲ್ಲಿರುವ ಒಂದೊಂದು ಮಾತೂ ನಿಜ. ಬೇಕಾದರೆ ತುಮಕೂರು ರಸ್ತೆಯ ಧೂಳು ಮುಟ್ಟಿ ಆಣೆ ಇಡ್ತೀನಿ. ಮುಟ್ಟೋದಕ್ಕೆ ಬಗ್ಗಬೇಕಾಗಿಯೂ ಇರಲಿಲ್ಲ, ಆಗ ಅದು ನಮ್ಮ ಮುಖದ ಮೇಲೇ ಇರ್ತಿತ್ತು. ಬೇರೆಯವರು ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ, ಒಂದು ಗೋಡೆ ಗಡಿಯಾರ ತಗೊಂಡು ಸದ್ದಿಲ್ಲದೆ ಮನೆಗೆ ಹೋಗ್ತಾರೆ. ನನಗೆ ಮಾತ್ರ ಹೋದಲ್ಲೆಲ್ಲ ಇಂಥವು ನಡೀತಾನೇ ಇದ್ದವು. ನಾನೇನೂ ಹುಡುಕಿಕೊಂಡು ಹೋದವನಲ್ಲ. ಸುಸ್ತಾಗಿ ಒಂದು ಕಡೆ ಕೂತರೆ, ಕೂತಲ್ಲಿಗೇ ಬಂದು ನಡೀತಿದ್ದವು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಹೊತ್ತಿನ ಮಾತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಲೇತ್ ವಿಭಾಗದ ಸೂಪರ್‌ವೈಸರು. ಅಷ್ಟು ಲೇತುಗಳ ಸದ್ದಿನ ಮೇಲೆ ಕೇಳಿಸುವಂಥ ಗಂಟಲು ಆ ಇಡೀ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನಗೊಬ್ಬನಿಗೇ ಇದ್ದದ್ದು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು “ಹೊರಡ್ರೋ” ಅಂದರೆ ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಹೊರಟುಬಿಡ್ತಿತ್ತು. ಸ್ಟೇಷನ್ ಮಾಸ್ಟರು ಖುದ್ದಾಗಿ ಬಂದು ಕೈಮುಗಿದು ಹೋಗಿದ್ದಾರೆ.

ನಮ್ಮ ಮಾಲೀಕರ ತಂಗಿ ಕ್ಯಾನ್ಸರಿನಲ್ಲಿ ತೀರಿಕೊಂಡರು. ಎದೆಯಲ್ಲಿ ಗಂಟು ಕಂಡು ಬಹಳ ದಿನವಾಗಿದ್ದರೂ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲವಂತೆ. ಆ ದುಃಖದಲ್ಲಿ ಮಾಲೀಕರು ಒಂದು ತೀರ್ಮಾನ ಮಾಡಿದರು. ಕಾರ್ಖಾನೆಯಲ್ಲೂ ಸುತ್ತಲ ಹಳ್ಳಿಗಳಲ್ಲೂ ಕ್ಯಾಂಪ್ ಮಾಡಿ, ಈ ಕಾಯಿಲೆ ಶುರುವಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತೆ ಅಂತ ಜನಕ್ಕೆ ಹೇಳಬೇಕು. ಸಿಟಿಯ ದೊಡ್ಡಾಸ್ಪತ್ರೆಯಿಂದ ಒಬ್ಬ ಡಾಕ್ಟರು ಶನಿವಾರ ಮಧ್ಯಾಹ್ನ ಬರಲು ಒಪ್ಪಿದರು. ಜನ ಸೇರಿಸುವವರು ಯಾರು ಅಂತ ಮಾಲೀಕರು ಕೇಳಿದಾಗ ಎಲ್ಲರೂ ನನ್ನ ಗಂಟಲ ಕಡೆ ನೋಡಿದರು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಮಾಲೀಕರಿಗಾಗಿ ಅಲ್ಲ, ನಮ್ಮಕ್ಕನಿಗಾಗಿ. ಹತ್ತಿರದ ಮಾಕಳಿ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ದೊಡ್ಡಕ್ಕ, ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಎಡಗೆನ್ನೆಗೆ ಒತ್ತರಿಸಿದಳು ಅಂದರೆ, ಬೆಳಗಿನ ಹಾಲು ಕರೆದಾಗಿಂದ ಸಂಜೆ ಹಾಲು ಕರೆಯೋತನಕ ಅದು ಅಲ್ಲೇ. ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುದ್ದೆ ನುಂಗುತ್ತಿದ್ದವಳು ಕೆಲವು ತಿಂಗಳಿಂದ ಸಾರು ಬೇಡ, ಮಜ್ಜಿಗೆ ಸಾಕು ಅಂತಿದ್ದಳು. ಯಾಕೆ ಅಂತ ಕೇಳಿದರೆ, ಸುಣ್ಣ ಜಾಸ್ತಿಯಾಗಿ ಬಾಯಿ ಬೆಂದಿದೆ, ವಾಸಿಯಾಗ್ತದೆ ಅನ್ನೋಳು. ವಾಸಿಯಾಗ್ತಿರಲಿಲ್ಲ. ಬಾಯಿ ತೋರಿಸು ಅಂದರೆ ಸೆರಗು ಮುಚ್ಚಿಕೊಂಡು ಕೊಟ್ಟಿಗೆಗೆ ಹೋಗಿಬಿಡೋಳು. ಆ ಒಂದು ಬಾಯಿ ತೆಗೆಸೋದಕ್ಕೆ ನಾನು ಇಡೀ ಪೀಣ್ಯದ ಬಾಯಿ ತೆಗೆಸಲು ಹೊರಟೆ.

೧. ವ್ಯಾನು ಕಂಡು ಓಡಿದವರು

ಮೊದಲನೇ ಕ್ಯಾಂಪು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ವಾರವೆಲ್ಲ ಶೆಡ್ಡು ಶೆಡ್ಡಿಗೂ ಹೋಗಿ, ಡಾಕ್ಟರು ಬರ್ತಾರೆ, ಪುಕ್ಕಟೆ ತಪಾಸಣೆ, ಎಲ್ಲರೂ ಬರಬೇಕು ಅಂತ ಕೂಗಿದ್ದೆ. ಏನು ತಪಾಸಣೆ ಅಂತ ಹೇಳಿರಲಿಲ್ಲ. ಕ್ಯಾನ್ಸರ್ ಅನ್ನೋ ಹೆಸರು ಎತ್ತಿದರೆ ಯಾರೂ ಹತ್ತಿರ ಬರಲ್ಲ ಅನ್ನೋದು ನನ್ನ ಬುದ್ಧಿವಂತಿಕೆ.

ಶನಿವಾರ ಆಸ್ಪತ್ರೆಯ ಬಿಳಿ ವ್ಯಾನು ಗೇಟಿನೊಳಗೆ ಬಂತು. ಡಾಕ್ಟರು ಇಳಿದರು, ಪೆಟ್ಟಿಗೆ ಹಿಡಿದ ನರ್ಸು ಇಳಿದರು. ಅಷ್ಟೇ. ಊಟಕ್ಕೆ ಕೂತಿದ್ದ ಗಂಡಸರೆಲ್ಲ ತಟ್ಟೆ ಬಿಟ್ಟು ಎದ್ದರು. ಹಿಂಬಾಗಿಲಿನಿಂದ ಕೆಲವರು, ಕಿಟಕಿಯಿಂದ ಕೆಲವರು, ಉಳಿದವರು ಕಾಂಪೌಂಡ್ ಹಾರಿ ನೀಲಗಿರಿ ತೋಪಿಗೆ. ಮಂಡಿನೋವು ಅಂತ ವರ್ಷದಿಂದ ಮೆಟ್ಟಿಲು ಹತ್ತದಿದ್ದ ನಮ್ಮ ಫೋರ್‌ಮನ್ನು ಆ ಗೋಡೆಯನ್ನ ಕೈಯೂರದೆ ಹಾರಿದ್ದನ್ನ ನಾನು ಕಣ್ಣಾರೆ ಕಂಡೆ.

ಆಮೇಲೆ ಅರ್ಥವಾಯ್ತು. ಕೆಲವು ವರ್ಷದ ಹಿಂದೆ ಇಂಥದ್ದೇ ಬಿಳಿ ವ್ಯಾನು ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪಿಗೆ ಅಂತ ಊರೂರು ಸುತ್ತಿತ್ತು. ವ್ಯಾನು, ಡಾಕ್ಟರು, ಪುಕ್ಕಟೆ, ಈ ಮೂರೂ ಒಟ್ಟಿಗೆ ಬಂದರೆ ಕತ್ತರಿ ಎಲ್ಲಿ ಬೀಳುತ್ತೆ ಅನ್ನೋದನ್ನ ನಮ್ಮ ಕಡೆಯ ಗಂಡಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಖಾಲಿ ಕ್ಯಾಂಟೀನಿನಲ್ಲಿ ಪೇಂಟಿಂಗ್ ಸೆಕ್ಷನ್ನಿನವನೊಬ್ಬ ಮಾತ್ರ ಕೂತು ನಿಧಾನವಾಗಿ ಅನ್ನ ಕಲಸುತ್ತಿದ್ದ. ಅವನನ್ನ ನೋಡಿ ಡಾಕ್ಟರಿಗೆ ಜೀವ ಬಂತು. ಪಕ್ಕದಲ್ಲಿ ಕೂತು, ನಿಮಗೊಬ್ಬರಿಗಾದರೂ ಧೈರ್ಯ ಇದೆಯಲ್ಲ, ಬಹಳ ಸಂತೋಷ ಅಂದರು.

“ನಂದು ಆವಾಗ್ಲೇ ಆಗೋಗದೆ ಸಾರ್,” ಅಂದ ಅವನು. “ಆವತ್ತು ಪ್ಲಾಸ್ಟಿಕ್ ಬಕೆಟ್ ಕೊಟ್ಟಿದ್ರಿ, ಅದು ಒಡೆದೋಯ್ತು. ಈ ಸಲ ಸ್ಟೀಲ್ದು ಕೊಡಂಗಿದ್ರೆ ಇನ್ನೊಂದ್ಸಲ ಮಾಡಿ.”

೨. ಆರು ಹಲ್ಲಿನ ಡಾಕ್ಟರು

ಎರಡನೇ ಸಲಕ್ಕೆ ನಾನೇ ಕುಂಚ ಹಿಡಿದು ಬೋರ್ಡು ಬರೆದೆ: ‘ಕ್ಯಾನ್ಸರ್ ತಪಾಸಣೆ. ಬಾಯಿ ಮಾತ್ರ.’ ‘ಬಾಯಿ ಮಾತ್ರ’ ಅನ್ನೋದರ ಕೆಳಗೆ ದಪ್ಪಗೆ ಗೀಟು ಎಳೆದೆ. ಜನ ಧೈರ್ಯ ಮಾಡಿ ಬಂದರು.

ಮೊದಲು ಬಂದು ಕೂತವನು ನಮ್ಮ ಗೇಟಿನ ವಾಚ್‌ಮನ್ ಅಜ್ಜ. ಕಾರ್ಖಾನೆ ನಿಂತಿದ್ದ ಜಾಗ ಒಂದು ಕಾಲಕ್ಕೆ ಅವನ ರಾಗಿ ಹೊಲ. ಹೊಲ ಹೋದ ಮೇಲೂ ಅದನ್ನ ಕಾಯೋದು ಬಿಡಬಾರದು ಅಂತ ವಾಚ್‌ಮನ್ ಆಗಿದ್ದ. ದನದ ಸಂತೆಯಲ್ಲಿ ಅವನ ಮಾತಿಗೆ ಬೆಲೆ ಇತ್ತು. ಎತ್ತಿನ ಬಾಯಿ ಬಿಡಿಸಿ, ಹಲ್ಲು ಎಣಿಸಿ, ವಯಸ್ಸು ಹೇಳುವವನು; ಆರು ಹಲ್ಲು ಅಂದರೆ ಇನ್ನೂ ಎಳೇ ಹೋರಿ.

ಡಾಕ್ಟರು ಟಾರ್ಚು ಹಾಕಿ ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಎಲ್ಲ ನೋಡಿದರು. ಹುಣ್ಣಿಲ್ಲ, ಬಿಳಿ ಮಚ್ಚೆಯಿಲ್ಲ, ಆದರೂ ಹೊಗೆಸೊಪ್ಪು ಬಿಡೋದು ಒಳ್ಳೇದು ಅಂತ ಹೇಳಿದರು. ಅಜ್ಜ ಎದ್ದೇಳಲಿಲ್ಲ. ಅಷ್ಟೊತ್ತು ಬಾಯಿ ನೋಡಿದ್ದೀರಲ್ಲ, ನನ್ನ ವಯಸ್ಸೆಷ್ಟು ಹೇಳಿ ಅಂದ. ಅದು ಹಾಗೆಲ್ಲ ಗೊತ್ತಾಗಲ್ಲ ಅಜ್ಜ ಅಂದರು ಡಾಕ್ಟರು. ಅಜ್ಜ ಲೈನಿನಲ್ಲಿದ್ದವರ ಕಡೆ ತಿರುಗಿ, ವಯಸ್ಸೇ ಗೊತ್ತಾಗದೋನಿಗೆ ಕಾಯಿಲೆ ಎಲ್ಲಿ ಗೊತ್ತಾಗ್ತದೆ ಅನ್ನೋ ಹಾಗೆ ಮುಖ ಮಾಡಿದ. ಲೈನು ಸ್ವಲ್ಪ ಹಿಂದಕ್ಕೆ ಸರಿಯಿತು.

ಡಾಕ್ಟರು ಒಳ್ಳೆಯವರು. ಸರಿ, ನೀವು ಹೇಳಿ ನೋಡೋಣ ಅಂತ ತಾವೇ ಬಾಯಿ ತೆಗೆದರು. ಅಜ್ಜ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ, ಕೆಳದುಟಿ ಮಡಚಿ ನೋಡಿದ, ಬೆನ್ನ ಮೇಲೊಂದು ಸಲ ತಟ್ಟಿದ.

“ಆರಲ್ಲು. ಇನ್ನೂ ನೊಗಕ್ಕೆ ಕಟ್ಟಿಲ್ಲ. ಮದ್ವೆ ಆಗಿಲ್ಲ ಅಲ್ವಾ?”

“ನನಗೆ ಇಬ್ಬರು ಮಕ್ಕಳು ಅಜ್ಜ,” ಅಂದರು ಡಾಕ್ಟರು.

ಅಜ್ಜ ಕೈ ಒರೆಸಿಕೊಂಡು ಎದ್ದ. “ಅಂಗಾದ್ರೆ ಯಾರೋ ವಯಸ್ಸು ಕಮ್ಮಿ ಏಳಿ ನಿಮ್ಮುನ್ನ ಮಾರವ್ರೆ ಬುಡಿ.”

ಆ ಸಂಜೆ ಇದನ್ನ ಅಕ್ಕನಿಗೆ ಹೇಳಿದೆ. ಸೆರಗಿನೊಳಗೇ ನಕ್ಕಳು. ಆ ಡಾಕ್ಟರು ಒಂದು ದಿನವಾದರೂ ದನ ಕಟ್ಟಿದವರೋ ಇಲ್ಲವೋ ಅಂತ ಕೇಳಿದಳು. ಇಲ್ಲ, ಸಿಟಿಯವರು ಅಂದೆ. ಹಾಗಾದರೆ ಅವರಿಗೆ ಬಾಯಿಯ ವಿಷಯ ಏನು ಗೊತ್ತಿರುತ್ತೆ ಅಂದಳು. ನನಗೆ ಸುಸ್ತಾಗಿತ್ತು. ತಮಾಷೆಗೆ ಅಂತಾಳೆ ಅಂದುಕೊಂಡೆ.

೩. ಸ್ಟೋರ್ಸ್ ಕೀಪರಿಗೆ ಎಲ್ಲವೂ ಇತ್ತು

ಡಾಕ್ಟರು ನನಗೆ ಏಳು ಮುನ್ಸೂಚನೆ ಬಾಯಿಪಾಠ ಮಾಡಿಸಿದ್ದರು. ಮಾಯದ ಹುಣ್ಣು. ಎದೆಯಲ್ಲೋ ಬೇರೆಲ್ಲೋ ಗಂಟು. ಕಾರಣವಿಲ್ಲದೆ ರಕ್ತ ಹೋಗೋದು. ಬಿಡದ ಕೆಮ್ಮು, ಕಟ್ಟಿದ ಗಂಟಲು. ನುಂಗೋಕೆ ಕಷ್ಟ. ಮಚ್ಚೆ ಬೆಳೆಯೋದು, ಬಣ್ಣ ಬದಲಾಗೋದು. ಮಲಮೂತ್ರದ ರೀತಿ ಏರುಪೇರಾಗೋದು. ಇದರಲ್ಲಿ ಯಾವುದಾದರೂ ಒಂದು, ಎರಡು ಮೂರು ವಾರವಾದರೂ ಹೋಗದಿದ್ದರೆ ತೋರಿಸಿಬಿಡಿ, ಬಹಳ ಸಲ ಬೇರೇನೋ ಆಗಿರುತ್ತೆ, ಅದೇ ಆಗಿದ್ದರೂ ಬೇಗ ಬಂದವರನ್ನ ಉಳಿಸಬಹುದು.

ಇದನ್ನ ನಾನು ಊಟದ ಬೆಲ್ಲು ಹೊಡೆದಾಗ ಕೂಗಿದೆ, ಟೀ ಅಂಗಡಿಯಲ್ಲಿ ಕೂಗಿದೆ, ಬಸ್ ಸ್ಟಾಪಿನಲ್ಲಿ ಕೂಗಿದೆ, ಮಾಕಳಿಯ ಹಾಲಿನ ಡೈರಿ ಮುಂದೆ ನಮ್ಮಕ್ಕ ಕ್ಯಾನು ಹಿಡಿದು ನಿಂತಿರುವಾಗ ಎರಡೆರಡು ಸಲ ಕೂಗಿದೆ. ಶನಿವಾರದ ಕಾಲುನೋವು ಶುಕ್ರವಾರವೇ ಶುರುವಾಗುತ್ತಿತ್ತು. ನಿದ್ದೆಯಲ್ಲೂ ಅದೇ ಏಳು ಮಾತು ಬರ್ತಿದ್ದವು ಅಂತ ನನ್ನ ಹೆಂಡತಿ ಹಾಸಿಗೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ನನ್ನ ಮಾತನ್ನ ಪೂರ್ತಿ ನಂಬಿದವರು ಒಬ್ಬರೇ, ನಮ್ಮ ಸ್ಟೋರ್ಸ್ ಕೀಪರು. ಸೋಮವಾರ ಬಂದು ಕತ್ತಿನ ಮಚ್ಚೆ ತೋರಿಸಿದರು. ಮಾರನೇ ದಿನ ನುಂಗೋಕಾಗ್ತಿಲ್ಲ ಅಂದರು. ನಮ್ಮ ಕ್ಯಾಂಟೀನಿನ ಇಡ್ಲಿ ಯಾರಿಗೂ ನುಂಗೋಕಾಗಲ್ಲ ಅಂತ ಸಮಾಧಾನ ಹೇಳಿದೆ. ಆಮೇಲೆ ಗಂಟಲು ಕಟ್ಟಿತು. ಆಮೇಲೆ ಕೆಮ್ಮು. ಮೊಣಕೈಯಲ್ಲಿ ಗಂಟು ಅಂದರು, ಮುಟ್ಟಿ ನೋಡಿದರೆ ಅದು ಮೊಣಕೈಯೇ. ವಾರ ಮುಗಿಯೋದರೊಳಗೆ ಏಳೂ ಕೂಡಿಸಿಕೊಂಡು, ಎಂಟನೇದು ಏನಾದರೂ ಇದೆಯಾ ಅಂತ ನನ್ನನ್ನೇ ಕೇಳಿದರು.

ಶನಿವಾರ ಡಾಕ್ಟರು ಅವರನ್ನ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ, ನಿಮಗೆ ಏನೇನೂ ಇಲ್ಲ, ಆರಾಮಾಗಿರಿ ಅಂದರು. ಸ್ಟೋರ್ಸ್ ಕೀಪರ ಮುಖ ಇಳಿದುಹೋಯ್ತು.

“ಒಂದೂ ಇಲ್ವಾ ಸಾರ್? ಇನ್ನೊಂದ್ಸಲ ಸರಿಯಾಗಿ ನೋಡಿ. ನನ್ನನ್ನ ನೋಡ್ಕೊಂಡು ಹೋಗೋಕೆ ಅಂತ ನಮ್ಮ ಮಾವನ ಮನೆಯವರು ಊರಿಂದ ಹೊರಟುಬಿಟ್ಟಿದ್ದಾರೆ.”

ಏನೂ ಇಲ್ಲದವರು ಎಲ್ಲವೂ ಇದೆ ಅಂತಿದ್ದರು. ಇದ್ದವಳು ಏನೂ ಇಲ್ಲ ಅಂದುಕೊಂಡು ಮಾಕಳಿಯಲ್ಲಿ ಮಜ್ಜಿಗೆಯಲ್ಲಿ ಮುದ್ದೆ ಅದ್ದುತ್ತಿದ್ದಳು.

೪. ಫೈಟಿಂಗ್ ಇಲ್ಲದ ಸಿನಿಮಾ

ಅಕ್ಕ ಕ್ಯಾಂಪಿಗೆ ಬರಲ್ಲ ಅಂದ ಮೇಲೆ ಕ್ಯಾಂಪನ್ನೇ ಅಕ್ಕನ ಹತ್ತಿರ ತಗೊಂಡು ಹೋದೆ. ಮಾಕಳಿಯ ಸ್ಕೂಲ್ ಮೈದಾನದಲ್ಲಿ ಬಿಳಿ ಪಂಚೆ ಕಟ್ಟಿ, ಮುಸ್ಸಂಜೆ ಹೊತ್ತಿಗೆ ಸ್ಲೈಡು ತೋರಿಸುವ ಏರ್ಪಾಡು. ಜನ ಸೇರಲಿ ಅಂತ ಪರದೆ ಮೇಲೆ ಚಿತ್ರ ತೋರಿಸ್ತೀವಿ ಅಂದಿದ್ದೆ. ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆದರೆ ಜನ ಚಾಪೆ, ದಿಂಬು, ಹುರಿದ ಕಡಲೆಕಾಯಿ ತಗೊಂಡು ಬಂದಾಗ ನನಗೆ ಸ್ವಲ್ಪ ಭಯವಾಯ್ತು.

ಪರದೆ ತುಂಬ ಮೊದಲನೇ ಚಿತ್ರ ಬಂತು. ಒಂದು ತೆರೆದ ಬಾಯಿ, ಒಳಗೆ ಹುಣ್ಣು. ಡಾಕ್ಟರು ಹೊಗೆಸೊಪ್ಪಿನ ವಿಷಯ ಶುರು ಮಾಡಿದರು. ಸಿನಿಮಾದ ಹೆಸರು ತೋರಿಸೋದಕ್ಕೆ ಮುಂಚಿನ ಜಾಹೀರಾತು ಇರಬೇಕು ಅಂತ ಜನ ತಾಳ್ಮೆಯಿಂದ ಕೂತರು. ಎರಡನೇ ಬಾಯಿ ಬಂತು. ಮೂರನೇ ಬಾಯಿ ಬಂತು. ಹಿಂದಿನಿಂದ ಒಬ್ಬ, ಅಣ್ಣಾ ಹೀರೋ ಯಾವಾಗ ಬತ್ತಾನೆ ಅಂತ ಕೇಳಿದ. ಅವನ ಪಕ್ಕದವನು, ಸುಮ್ನಿರೋ, ಇದು ವಿಲನ್ ಬಾಯಿ, ಒದೆ ತಿಂದವ್ನೆ ಅಂತ ಕಥೆ ಬಿಡಿಸಿ ಹೇಳಿದ.

ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ನಮ್ಮಕ್ಕ. ಬಾಯಿಗೆ ಸೆರಗು, ಕೆನ್ನೆಯಲ್ಲಿ ಎಲೆ ಅಡಿಕೆ. ಒಂದೊಂದು ಚಿತ್ರಕ್ಕೂ ಬೀದಿಯ ಒಂದೊಂದು ಮನೆ ಹೆಸರು ಹೇಳ್ತಿದ್ದಳು. ಬಾವಿ ಮನೆಯವಳಿಗೆ ಇಂಥದ್ದೇ ಇದೆ, ಮೂಲೆ ಮನೆ ಅಜ್ಜಿಯ ಗಂಟಲು ಹೀಗೇ ಕಟ್ಟಿದೆ ಅಂತ. ಚಿತ್ರ ಮುಗಿದದ್ದೇ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೀದಿಯ ಹೆಂಗಸರನ್ನೆಲ್ಲ ದನ ಹೊಡೆದ ಹಾಗೆ ಹೊಡೆದುಕೊಂಡು ಬಂದು ಡಾಕ್ಟರ ಮುಂದೆ ನಿಲ್ಲಿಸಿದಳು. ನಾಚಿಕೊಂಡವರಿಗೆ ಬೈದಳು. ಬಾಯಿ ತಾನೇ, ತೆಗಿ ಅಂದಳು. ಬಾವಿ ಮನೆಯವಳ ಬಾಯಿ ನೋಡಿ ಡಾಕ್ಟರು ಆಸ್ಪತ್ರೆಗೆ ಬರಲು ಹೇಳಿದರು. ಅವಳು ಹೋಗ್ತ ಬರ್ತ ಔಷಧಿ ತಗೊಂಡು ಗುಣವಾದಳು.

ನನ್ನ ಎದೆ ಉಬ್ಬಿಹೋಗಿತ್ತು. ಲೈನಿನ ಕೊನೆ ಜಾಗ ಅಕ್ಕನಿಗೆ ಅಂತ ನಾನೇ ನಿಂತು ಹಿಡಿದಿಟ್ಟಿದ್ದೆ. ಕಡೆಗೆ ಆ ಜಾಗದಲ್ಲಿ ನಾನೊಬ್ಬನೇ ಇದ್ದೆ. ಓಡಿಹೋಗಿ ನೋಡಿದರೆ ಅಕ್ಕ ಕೊಟ್ಟಿಗೆಯಲ್ಲಿ ಹಸುವಿನ ಕತ್ತು ಕೆರೆಯುತ್ತ ನಿಂತಿದ್ದಳು. ಹಾಲು ಆಗಲೇ ಕರೆದಾಗಿತ್ತಲ್ಲ, ಇಲ್ಲಿಗೆ ಯಾಕೆ ಓಡಿಬಂದೆ ಅಂದೆ.

“ಅಸೀಗೂ ಬ್ಯಾಸ್ರ ಆಯ್ತದೆ ಕಣ್ಲಾ,” ಅಂದಳು, “ಎಲ್ಲಾರೂ ಸಿನ್ಮಾಕ್ಕೆ ಓಗ್ಬುಟ್ರೆ.”

೫. ಬಾಯಿಬಿಟ್ಟು ನಕ್ಕವರು

ನನ್ನ ಹತ್ತಿರ ಇನ್ನೊಂದು ಅಸ್ತ್ರ ಉಳಿದಿತ್ತು. ನನ್ನ ಜೋಕಿಗೆ ಬಾಯಿಬಿಟ್ಟು ನಗದವರು ಪೀಣ್ಯದಿಂದ ನೆಲಮಂಗಲದವರೆಗೆ ಹುಟ್ಟಿರಲಿಲ್ಲ. ಅಕ್ಕ ನಗಬೇಕು, ನಗುವಾಗ ಬಾಯಿ ತೆಗೀಬೇಕು, ಪಕ್ಕದಲ್ಲೇ ಕೂತ ಡಾಕ್ಟರು ನೋಡಿಬಿಡಬೇಕು. ಡಾಕ್ಟರು ಇದು ಯಾವ ಪುಸ್ತಕದಲ್ಲೂ ಇಲ್ಲ ಅಂದರು. ನನ್ನ ಮುಖ ನೋಡಿ ಒಪ್ಪಿಕೊಂಡರು. ಅವರಿಗೂ ಅಷ್ಟೊತ್ತಿಗೆ ಸಾಕಾಗಿತ್ತು.

ಡಾಕ್ಟರನ್ನ ಭಾನುವಾರ ಊಟಕ್ಕೆ ಕರೀತೀನಿ ಅಂದಾಗ, ಉಣ್ಣೋದಕ್ಕಾದರೆ ಬರಲಿ, ನೋಡೋದಕ್ಕಾದರೆ ಬೇಡ ಅಂತ ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಬರೀ ಊಟ ಅಂತ ಮಾತು ಕೊಟ್ಟೆ. ಅವರೆಕಾಳು ಸಾರು, ಮುದ್ದೆ. ಊಟವಾಗಿ ಜಗಲಿಯಲ್ಲಿ ಕೂತ ಮೇಲೆ ಶುರು ಮಾಡಿದೆ. ಸ್ಟೇಷನ್ ಮಾಸ್ಟರ ಕಥೆ, ಬಕೆಟ್ಟಿನ ಕಥೆ, ಗೋಡೆ ಹಾರಿದ ಫೋರ್‌ಮನ್ನಿನ ಕಥೆ. ಭಾವ ನಕ್ಕು ನಕ್ಕು ಕಂಬಕ್ಕೆ ತಲೆ ಹೊಡೆಸಿಕೊಂಡರು. ಪಕ್ಕದ ಮನೆಯವಳು ಉಸಿರು ಸಿಗದೆ ನೆಲ ಬಡಿದಳು. ಡಾಕ್ಟರ ಜೇಬಿನಿಂದ ಟಾರ್ಚು ಬಿದ್ದು ಉರುಳಿಹೋಯ್ತು. ಅಕ್ಕನೂ ನಕ್ಕಳು. ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು. ಆದರೆ ಸೆರಗನ್ನ ಎರಡು ಕೈಯಲ್ಲೂ ಬಾಯಿಗೆ ಒತ್ತಿ ಹಿಡಿದಿದ್ದಳು. ಒಂದು ಹಲ್ಲಿನ ತುದಿಯೂ ಕಾಣಲಿಲ್ಲ.

ವಾಪಸ್ ಬರುವಾಗ ಡಾಕ್ಟರು ವರದಿ ಕೊಟ್ಟರು. ನಮ್ಮ ಭಾವನಿಗೆ ದವಡೆ ಹಲ್ಲು ಹುಳುಕು. ಪಕ್ಕದ ಮನೆಯವಳಿಗೆ ವಸಡು ಊತ. ನಾನು ಜೋಕು ಹೇಳುವಾಗ ನೋಡಿದರಂತೆ, ನನಗೂ ಒಂದು ಹಲ್ಲು ಕೀಳಿಸಬೇಕು.

ಬಸ್ ಸ್ಟಾಪಿನಲ್ಲಿ ಅವರು ದನಿ ತಗ್ಗಿಸಿದರು. “ನಗುವಾಗ ಎಡಗೆನ್ನೆ ಒತ್ತಿ ಹಿಡೀತಾರೆ. ನೋವು ಇದೆ ಅವರಿಗೆ. ಈಗ ಬಂದರೆ ನಮ್ಮ ಕೈಲಿ ಏನಾದರೂ ಆದೀತು. ಹೀಗೇ ಮಳೆಗಾಲ ಕಳೆದರೆ ನಾನು ಏನೂ ಹೇಳಲಾರೆ.”

ಬಸ್ಸು ಬಂತು, ತುಂಬಿತ್ತು, ನಿಲ್ಲಿಸದೆ ಧೂಳೆಬ್ಬಿಸಿಕೊಂಡು ಹೋಯ್ತು. ಮುಂದಿನದಕ್ಕೆ ಕಾದೆವು. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಗಾಬರಿಯಾಗಿ ಡಾಕ್ಟರು ಟಾರ್ಚು ತೆಗೆದು ನನ್ನ ಗಂಟಲು ನೋಡಿದರು.

೬. ಹಸು ಮೇವು ಬಿಟ್ಟ ದಿನ

ಅದಾಗಿ ಸ್ವಲ್ಪ ದಿನಕ್ಕೆ ಪವರ್ ಕಟ್ ಅಂತ ಕಾರ್ಖಾನೆಗೆ ರಜೆ ಬಂತು. ಬೈಯಿಸಿಕೊಳ್ಳೋಣ ಅಂತಲೇ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಏನು ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹೇಳೋದೆಲ್ಲ ಹೇಳಿ ಮುಗಿದಿತ್ತು. ಅಲ್ಲಿ ನೋಡಿದರೆ ಬೇರೆ ಗಲಾಟೆ. ಹಸು ಮೇವು ಬಿಟ್ಟಿದೆ ಅಂತ ಅಕ್ಕ ಮುಂಜಾನೆಯೇ ಭಾವನನ್ನ ಸೈಕಲ್ ಹತ್ತಿಸಿ ದನದ ಆಸ್ಪತ್ರೆಗೆ ಅಟ್ಟಿದ್ದಳು. ಹಸು ಒಂದು ಹೊತ್ತು ಹುಲ್ಲು ಬಿಟ್ಟರೆ ಡಾಕ್ಟರು, ತಾನು ತಿಂಗಳಾನುಗಟ್ಟಲೆ ಖಾರ ಬಿಟ್ಟರೆ ಮಜ್ಜಿಗೆ. ಹಾಗಂತ ಅಂದೂ ಬಿಟ್ಟೆ. ಅಕ್ಕ ಕೊಟ್ಟಿಗೆ ಗುಡಿಸುತ್ತಿದ್ದಳು.

ದನದ ಡಾಕ್ಟರು ಮೊಪೆಡ್ಡಿನಲ್ಲಿ ಬಂದರು, ಹಿಂದೆಯೇ ಭಾವ ಸೈಕಲ್ ತಳ್ಳಿಕೊಂಡು. ವಯಸ್ಸಾದವರು, ಮಾತು ಕಮ್ಮಿ. ಸುತ್ತಿನ ಊರುಗಳಲ್ಲಿ ಅವರಿಗೆ ಮನುಷ್ಯರ ಹೆಸರಿಗಿಂತ ದನಗಳ ಹೆಸರು ಚೆನ್ನಾಗಿ ಗೊತ್ತಿತ್ತು. ಹಸುವಿನ ಕಿವಿ ಹಿಡಿದು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು, ನಾಲಿಗೆ ಪಕ್ಕಕ್ಕೆಳೆದು ಬಾಯೊಳಗೆ ಟಾರ್ಚು ಬಿಟ್ಟರು. ಅಷ್ಟರಲ್ಲಿ ಹಸು ಅವರ ಚೀಲದ ಪಟ್ಟಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿತು. ಅದನ್ನ ಬಿಡಿಸಿಕೊಂಡು, ಜ್ವರ ಇಲ್ಲ, ಬಾಯಿ ಚೆನ್ನಾಗಿದೆ, ಏನು ಅಂತ ತಿಳೀತಿಲ್ಲವಲ್ಲ ಅಂತ ತಲೆ ಕೆರೆದುಕೊಂಡರು.

ಆಗ ಅಕ್ಕ ಪೊರಕೆ ಮೂಲೆಗಿಟ್ಟಳು. ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಉಗಿದು, ನೀರು ಮುಕ್ಕಳಿಸಿ ಬಂದು, ಅವರ ಮುಂದೆ ನಿಂತು ಸೆರಗು ಇಳಿಸಿದಳು.

“ಅದ್ರುದ್ದು ಆಯ್ತಲ್ಲ ಸಾಮಿ. ಇದ್ನೂ ಒಂಚೂರು ನೋಡ್ಬುಡಿ.”

ಬಾಯಿ ತೆಗೆದಳು.

ಭಾವ ಸೈಕಲ್ ಬಿಟ್ಟರು, ಅದು ಬಿತ್ತು. ದನದ ಡಾಕ್ಟರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅಮ್ಮಾ, ನಾನು ದನದ ಡಾಕ್ಟರು, ಮನುಷ್ಯರನ್ನ ನಾನು ನೋಡೋ ಹಾಗಿಲ್ಲ, ಸರ್ಕಾರದವರು ನನ್ನ ಕೆಲಸ ತೆಗೀತಾರೆ ಅಂದರು.

“ಬಾಯಿ ಬಾಯೇ ಅಲ್ವಾ?” ಅಂದಳು ಅಕ್ಕ. “ನಮ್ ಕರೀ ಅಸು ಈಯಕ್ಕಾಗ್ದೆ ಬಿದ್ದಿದ್ದಾಗ ಮಳೇಲಿ ನಿಂತ್ಕಂಡು ತಾಯಿ ಕರ ಎರಡ್ನೂ ಉಳ್ಸಿದ್ರಿ. ಇನ್ನೊಂದ್ಸಲ ಕರ ಸತ್ತೋಗಿದ್ದಾಗ ಓಯ್ತು ಅಂತ ಮುಖ ನೋಡಿ ಏಳಿದ್ರಿ. ಸಿಟಿಯೋರು ಏಳದು ನಂಗೆ ತಿಳಿಯಾಕಿಲ್ಲ. ನೀವು ಏಳಿ, ನಂಬ್ತೀನಿ.”

ಅವರು ಚೀಲ ಕೆಳಗಿಟ್ಟರು. ಆಮೇಲೆ ಬಾವಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು. ಮುಟ್ಟಲಿಲ್ಲ. ಟಾರ್ಚು ಹಾಕಿ ಎಡಗೆನ್ನೆಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಟಾರ್ಚು ಆರಿಸಿದ ಮೇಲೂ ಮುಖ ಎತ್ತಲಿಲ್ಲ.

“ಇದು ನಿಮ್ಮ ಹಸು ಆಗಿದ್ದಿದ್ರೆ,” ಅಂದರು, “ಇವತ್ತೇ ಲಾರಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ ಕಣಮ್ಮ.”

ಅಕ್ಕ ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ತಿರುಗಿದಳು.

“ಏನ್ಲಾ ನೋಡ್ತಾ ನಿಂತೆ? ಅತ್ಸು ಮತ್ತೆ.”

ಲಾರಿ ಬೇಡ ಅಂತ ಕಾರ್ಖಾನೆಯ ಟೆಂಪೋ ತರಿಸಿದೆ. ಆಸ್ಪತ್ರೆಯಲ್ಲಿ ನಮ್ಮ ಶನಿವಾರದ ಡಾಕ್ಟರು ಅಕ್ಕನನ್ನ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. ಅಕ್ಕ ತಾನಾಗಿ ಬಾಯಿ ತೆಗೆದಳು. ಪರೀಕ್ಷೆಯಾದ ಮೇಲೆ, ಇಷ್ಟು ದಿನ ನಾವು ಬಡಕೊಂಡರೂ ಬರಲಿಲ್ಲ, ಈಗ ಯಾರ ಮಾತಿಗೆ ಬಂದಿರಿ ಅಂತ ಕೇಳಿದರು. ನಮ್ಮ ಡಾಕ್ಟರು ಕಳಿಸಿದರು ಅಂದಳು ಅಕ್ಕ. ಯಾವ ಡಾಕ್ಟರು ಅಂದರು. ಅಕ್ಕ ಎಷ್ಟು ಗಂಭೀರವಾಗಿ ಹೇಳಿದಳು ಅಂದರೆ, ಪಕ್ಕದಲ್ಲಿದ್ದ ನರ್ಸು ಅದನ್ನ ಹಾಗೇ ಕಾಗದದಲ್ಲಿ ಬರಕೊಂಡರು.

“ನಮ್ ಅಸೀನ ಡಾಕ್ಟ್ರು.”

ಡಾಕ್ಟರು ನಗಲಿಲ್ಲ. ನಿಮ್ಮ ಡಾಕ್ಟರು ಸರಿಯಾಗೇ ಹೇಳಿದ್ದಾರೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಅಂದರು. ಕೆನ್ನೆಯ ಒಳಗಿನ ಆ ಭಾಗ ತೆಗೆದರು. ಆಮೇಲೆ ರೇಡಿಯೇಷನ್ನು, ನಮ್ಮ ಕಡೆ ಕರೆಂಟ್ ಇಡೋದು ಅಂತಾರಲ್ಲ, ಆ ಚಿಕಿತ್ಸೆ ವಾರಗಟ್ಟಲೆ. ಪೀಣ್ಯದ ಲೇತುಗಳೆಲ್ಲ ಕರೆಂಟಿಲ್ಲದೆ ತಣ್ಣಗೆ ಕೂತಿದ್ದ ಕಾಲದಲ್ಲಿ ನಮ್ಮಕ್ಕ ಒಬ್ಬಳಿಗೇ ತಪ್ಪದೆ ಸಿಕ್ಕಿದ್ದು. ದನದ ಡಾಕ್ಟರು ಒಂದು ದಿನ ವಾರ್ಡಿಗೇ ಬಂದು ದೂರದಲ್ಲಿ ನಿಂತು ನೋಡಿಕೊಂಡು ಹೋದರು. ಮೇವು ತಿಂತಿದ್ದಾರಾ ಅಂತ ನರ್ಸನ್ನ ಕೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಅಕ್ಕ ಉಳಿದಳು. ಎಡಗೆನ್ನೆ ಸ್ವಲ್ಪ ಒಳಗೆ ಹೋಯ್ತು, ಹೊಗೆಸೊಪ್ಪು ಹೋಯ್ತು, ಬಾಯಿ ಮಾತ್ರ ಮೊದಲಿಗಿಂತ ಜಾಸ್ತಿಯಾಯ್ತು. ಡೈರಿಯಲ್ಲಿ ಹಾಲಿಗೆ ನಿಂತವರನ್ನೆಲ್ಲ ತಡೆದು, ಎಲ್ಲಿ ಬಾಯಿ ತೆಗಿ ಅನ್ನೋಳು. ನಮ್ಮ ಡಾಕ್ಟರೂ ಬುದ್ಧಿ ಕಲಿತರು. ಆಮೇಲಿನ ಹಳ್ಳಿ ಕ್ಯಾಂಪುಗಳಿಗೆಲ್ಲ ದನದ ಡಾಕ್ಟರನ್ನ ಜೊತೆಗೆ ಕೂರಿಸಿಕೊಂಡು ಹೋಗ್ತಿದ್ದರು. ಒಂದು ಲೈನು ದನಕ್ಕೆ, ಒಂದು ಲೈನು ಜನಕ್ಕೆ. ಚಿಕ್ಕಬಾಣಾವರದ ಕಡೆ ಒಂದು ಸಲ ಎರಡೂ ಲೈನು ಕಲೆತುಹೋಗಿ, ಒಂದು ಎಮ್ಮೆ ನಮ್ಮ ಡಾಕ್ಟರ ಮುಂದೆ ಬಂದು ತಾನಾಗಿ ಬಾಯಿ ತೆಗೆಯಿತು. ನಾನು ಕೂಗೋ ಅಗತ್ಯವೇ ಬೀಳಲಿಲ್ಲ.

ಮೊದಲೇ ಆಣೆ ಇಟ್ಟಿದ್ದೀನಿ, ಎಲ್ಲ ನಿಜ. ಎಮ್ಮೆಯೂ ನಿಜ. ಆದರೆ ಒಂದೇ ಒಂದು ಸಣ್ಣ ವಿಷಯ ಕಟ್ಟುಕತೆ, ಅದನ್ನ ಹೇಳಿಬಿಡ್ತೀನಿ. ಹಸು ಮೇವು ಬಿಟ್ಟಿತ್ತು ಅಂತ ಬರೆದೆನಲ್ಲ, ಅದು ಸುಳ್ಳು. ಆ ಬೆಳಿಗ್ಗೆ ಅದು ತನ್ನ ಹುಲ್ಲು ಮುಗಿಸಿ ಪಕ್ಕದ ಮನೆಯ ಸೊಪ್ಪಿಗೂ ಬಾಯಿ ಹಾಕಿತ್ತಂತೆ.

ಆ ಸುಳ್ಳು ನಂದಲ್ಲ. ಬಹಳ ಕಾಲವಾದ ಮೇಲೆ ಒಂದು ದಿನ ಹಾಲು ಕರೀತಾ ಕರೀತಾ ಅಕ್ಕನೇ ಹೇಳಿದಳು. “ಅದ್ಕೇನಾಗಿತ್ತು, ಗುಂಡ್ಕಲ್ಲಂಗಿತ್ತು. ಮೂರು ದಿನದಿಂದ ಕಾಯ್ತಿದ್ದೆ ಕಣ್ಲಾ, ಆಳಾದ್ದು ಒಂದ್ ಸೀನೂ ಸೀನ್ಲಿಲ್ಲ. ಡಾಕ್ಟ್ರುನ್ನ ಸುಮ್ ಸುಮ್ನೆ ಕರ್ಸಿ ನನ್ ಬಾಯಿ ನೋಡಿ ಅನ್ನಕ್ಕಾಯ್ತದಾ?”

ಅಲ್ಲಿಯವರೆಗೂ ನಮ್ಮ ವಂಶದಲ್ಲಿ ಸುಳ್ಳು ಹೇಳೋದರಲ್ಲಿ ನಾನೇ ಮೊದಲನೆಯವನು ಅಂದುಕೊಂಡಿದ್ದೆ.